ಶೆಲ್ ಪ್ಯಾಚ್ ಓದುವ ಕ್ರಮ

ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಶುರುಮಾಡಿದ ಗಿಟ್‌ನ ಮೊದಮೊದಲ ಆಜ್ಞೆಗಳಲ್ಲಿ ಹಲವು ಶೆಲ್ ಸ್ಕ್ರಿಪ್ಟ್‌ಗಳೇ ಆಗಿದ್ದವು. ರಿಬೇಸ್, ಸ್ಟ್ಯಾಶ್‌ನಂಥವು ಮುಂದೆ ಸಿ ಭಾಷೆಗೆ ಬಂದವು. ಪರೀಕ್ಷೆಗಳು ಮಾತ್ರ ಈಗಲೂ ಬಹುಪಾಲು ಶೆಲ್‌ನಲ್ಲೇ ಇವೆ. ಆದ್ದರಿಂದ ಶೆಲ್ ಪ್ಯಾಚ್ ಪರಿಶೀಲನೆ ಅಲ್ಲಿ ಇಂದಿಗೂ ಬೇಕಾದ ವಿದ್ಯೆ.

ಮೊದಲು ಓದಬೇಕಾದದ್ದು ಕಮಿಟ್ ಸಂದೇಶ. ಏನು ಬದಲಾಗಿದೆ ಎಂಬುದು ಪ್ಯಾಚ್‌ನಲ್ಲೇ ಕಾಣುತ್ತದೆ. ಏಕೆ ಬದಲಾಗಬೇಕು ಎಂಬುದನ್ನು ಸಂದೇಶ ಹೇಳಬೇಕು. ಬರೆದವರ ಸೈನ್-ಆಫ್ ಸಾಲೂ ಕಡ್ಡಾಯ.

ಎರಡನೆಯದು, ಸ್ಕ್ರಿಪ್ಟ್ ಯಾವ ಶೆಲ್‌ನಲ್ಲಿ ಓಡುತ್ತದೆ ಎಂಬುದು. ಬರೆದವರ ಯಂತ್ರದಲ್ಲಿ ಬ್ಯಾಷ್ ಇರಬಹುದು. ಆದರೆ ಉಬುಂಟು 2006ರಲ್ಲಿ, ಡೆಬಿಯನ್ 2011ರಲ್ಲಿ ಸ್ಕ್ರಿಪ್ಟ್‌ಗಳಿಗೆ ಡ್ಯಾಶ್ ಎಂಬ ಶೆಲ್ ಅನ್ನು ನೆಚ್ಚಿಕೊಂಡವು. ಬ್ಯಾಷ್‌ನ ಅರೇಗಳು ಅಲ್ಲಿ ನಡೆಯುವುದಿಲ್ಲ. ಪಾಸಿಕ್ಸ್ ಮಾನದಂಡದ ಮಿತಿಯೊಳಗೇ ಇರಬೇಕೆಂಬ ಗಿಟ್‌ನ ನಿಯಮಕ್ಕೆ ಶೆಲ್‌ಗಳ ನಡುವಿನ ಇಂಥ ವ್ಯತ್ಯಾಸಗಳೇ ಕಾರಣ.

ಮೂರನೆಯದು ಉದ್ಧರಣ ಚಿಹ್ನೆ. ಅದಿಲ್ಲದ ವೇರಿಯಬಲ್ ಖಾಲಿ ಜಾಗ ಸಿಕ್ಕಲ್ಲಿ ಎರಡಾಗಿ ಒಡೆಯುತ್ತದೆ. ಗಿಟ್ ಪರೀಕ್ಷೆಗಳು ನಡೆಯುವ ಫೋಲ್ಡರಿನ ಹೆಸರು 'ಟ್ರ್ಯಾಶ್ ಡೈರೆಕ್ಟರಿ' ಎಂದು ಆರಂಭವಾಗುತ್ತದೆ; ನಡುವಿನ ಖಾಲಿ ಜಾಗ ಇಂಥ ತಪ್ಪುಗಳನ್ನು ಹಿಡಿಯಲೆಂದೇ ಇರುವಂಥದ್ದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನಿರ್ಗಮನ ಸಂಕೇತ. ಪೈಪ್‌ನಲ್ಲಿ ಕೊನೆಯ ಆಜ್ಞೆಯ ಫಲಿತಾಂಶವೇ ಉಳಿಯುತ್ತದೆ. ಎಡಗಡೆಯ ಗಿಟ್ ಕುಸಿದರೂ ಬಲಗಡೆಯ ಗ್ರೆಪ್‌ಗೆ ಹುಡುಕಿದ ಪದ ಸಿಕ್ಕರೆ ಪರೀಕ್ಷೆ ಪಾಸಾಗಿಬಿಡುತ್ತದೆ. ಆದ್ದರಿಂದ ಗಿಟ್‌ನ ಔಟ್‌ಪುಟ್ಟನ್ನು ಮೊದಲು ಫೈಲಿಗೆ ಬರೆಸಿ, ಆಮೇಲೆ ಪರೀಕ್ಷಿಸಬೇಕು. ಪರೀಕ್ಷೆಯ ಸಾಲುಗಳನ್ನು ಬೆಸೆಯುವ '&&' ಒಂದು ಕಡೆ ಬಿಟ್ಟುಹೋದರೂ ಅದಕ್ಕೆ ಮೊದಲಿನ ಸೋಲು ಮರೆಯಾಗುತ್ತದೆ. ಗಿಟ್ ಸೋಲಲೇಬೇಕಾದ ಕಡೆ ಬರೀ ಆಶ್ಚರ್ಯಸೂಚಕ ಚಿಹ್ನೆ ಇಟ್ಟರೆ, ಪ್ರೋಗ್ರಾಂ ಕ್ರ್ಯಾಶ್ ಆದದ್ದೂ ನಿರೀಕ್ಷಿತ ಸೋಲೆಂದೇ ಎಣಿಕೆಯಾಗುತ್ತದೆ. ಇವೆರಡನ್ನೂ ಬೇರ್ಪಡಿಸಲು ಗಿಟ್‌ನಲ್ಲಿ 'ಟೆಸ್ಟ್ ಮಸ್ಟ್ ಫೇಲ್' ಎಂಬ ಪ್ರತ್ಯೇಕ ಫಂಕ್ಷನ್ ಇದೆ.

ಟ್ಯಾಬ್ ಇಂಡೆಂಟ್, 'ದೆನ್' ಪದಕ್ಕೆ ಪ್ರತ್ಯೇಕ ಸಾಲು, ಚೌಕ ಆವರಣದ ಬದಲು 'ಟೆಸ್ಟ್' — ಇವು ಶೈಲಿಯ ನಿಯಮಗಳು. ಓದಿಗೆ ನೆರವಾಗುತ್ತವೆ, ಪಾಲಿಸಬೇಕು; ಆದರೆ ಪರಿಶೀಲನೆ ಇವುಗಳಲ್ಲೇ ಮುಗಿದರೆ ಅದು ಅರೆಬರೆ.

ಕೊನೆಗೆ, ದೋಷ ಸರಿಪಡಿಸುವ ಪ್ಯಾಚ್ ಜೊತೆಗಿನ ಪರೀಕ್ಷೆ ಹಳೆಯ ಕೋಡ್‌ನಲ್ಲಿ ಸೋಲಬೇಕು, ಹೊಸದರಲ್ಲಿ ಗೆಲ್ಲಬೇಕು. ಪರಿಶೀಲಕರು ಇದನ್ನು ಓದಿ ಊಹಿಸದೆ ಎರಡೂ ಕಡೆ ಓಡಿಸಿ ನೋಡಬೇಕು, ಡ್ಯಾಶ್‌ನಲ್ಲೂ ಓಡಿಸಬೇಕು. ಒಪ್ಪಿಗೆ ಅದಾದ ಮೇಲಿನ ಮಾತು.