ಸೊಂಟದ ರಿವಾಲ್ವರ್, ಹೊಲದ ಬಂದೂಕು, ಹತ್ತು ಮೀಟರಿನ ಗುರಿ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಬಂದೂಕು ಮೂರು ಬೇರೆ ಬೇರೆ ಅಗತ್ಯಗಳ ಹೆಸರಿನಲ್ಲಿ ಮನೆ ಸೇರುತ್ತದೆ: ಗೋವಿನಜೋಳದ ಹೊಲವನ್ನು ಕಾಡುಹಂದಿಯಿಂದ ಕಾಯುವುದು, ಜೀವಕ್ಕೆ ಅಪಾಯವಿದೆಯೆಂದು ಬಗೆದು ಆತ್ಮರಕ್ಷಣೆಗೆ ಇಟ್ಟುಕೊಳ್ಳುವುದು, ಗುರಿ ಹೊಡೆಯುವ ಕ್ರೀಡೆಯನ್ನು ಕಲಿಯುವುದು. ಈ ಮೂರಕ್ಕೂ ಒಂದೇ ಆಯುಧ ಸಾಕು, ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದಾದ ಒಂದು ರಿವಾಲ್ವರನ್ನು ಆದಷ್ಟು ಕಡಿಮೆ ಬೆಲೆಗೆ ಕೊಂಡರೆ ಎಲ್ಲ ಕೆಲಸವೂ ನೀಗುತ್ತದೆ ಎಂಬ ಎಣಿಕೆಯನ್ನು ಇಲ್ಲಿ ಪರೀಕ್ಷೆಗೆ ಒಡ್ಡಲಾಗಿದೆ. ಕಾಯ್ದೆ, ಮಾರುಕಟ್ಟೆ, ಆಯುಧದ ಯಂತ್ರಗುಣ, ಈ ಸೀಮೆಯ ಹೊಲಮನೆಗಳ ಸ್ಥಿತಿ ಇವನ್ನು ಒಟ್ಟಿಗಿಟ್ಟು ನೋಡಿದಾಗ ಆ ಎಣಿಕೆ ನಿಲ್ಲುವುದಿಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದಷ್ಟೂ ಅದು ಬೇಗ ಕುಸಿಯುತ್ತದೆ.

1959ರ ಆಯುಧ ಕಾಯ್ದೆಯ 13ನೆಯ ಕಲಮು ಈ ಅಗತ್ಯಗಳನ್ನು ಮೊದಲೇ ಬೇರ್ಪಡಿಸಿಟ್ಟಿದೆ. ಒಳಮೈಯಲ್ಲಿ ಸುರುಳಿ ಗೀರುಗಳಿಲ್ಲದ, 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದವರಿಗೆ, ಮತ್ತು ನಳಿಗೆಯ ಬಾಯಿಯಿಂದಲೇ ಮದ್ದು ಜಡಿದು ತುಂಬುವ ಕೇಪಿನ ಬಂದೂಕನ್ನು ನಿಜವಾಗಿ ಬೆಳೆ ಕಾಯಲು ಕೇಳಿದವರಿಗೆ, ನಿರಾಕರಿಸಲು ಕಾಯ್ದೆ ಹೇಳುವ ಕಾರಣಗಳು ಇಲ್ಲದಿದ್ದರೆ ಪರವಾನಗಿ ಕೊಡತಕ್ಕದ್ದು ಎಂದು ಅದು ವಿಧಿಸುತ್ತದೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆಂದು .22 ರೈಫಲನ್ನು ಕೇಳಿದಾಗಲೂ ಅದೇ ನಿಯಮ. ರಿವಾಲ್ವರ್, ಪಿಸ್ತೂಲುಗಳು ಈ ಪಟ್ಟಿಯಲ್ಲಿಲ್ಲ. ಅವು 'ಉಳಿದ ಸಂದರ್ಭಗಳು' ಎಂಬ ಗುಂಪಿಗೆ ಸೇರುತ್ತವೆ, ಅಲ್ಲಿ ಅರ್ಜಿದಾರನು ತನಗೆ ಸಕಾರಣವಿದೆಯೆಂದು ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ಪೊಲೀಸ್ ವರದಿಯನ್ನು ಮುಂದಿಟ್ಟುಕೊಂಡು ಕೂತ ಜಿಲ್ಲಾ ದಂಡಾಧಿಕಾರಿಗೆ, ಮನವರಿಕೆ ಮಾಡಿಕೊಡಬೇಕು. ಹೊಲಕ್ಕೆ ಬೇಕಾದ ಉದ್ದ ಬಂದೂಕಿಗೆ ಕಾಯ್ದೆಯೇ ದಾರಿ ಬಿಟ್ಟಿರುವಾಗ, ಗಿಡ್ಡ ಬಂದೂಕಿಗೆ ಅದೇ ಹೊಲದ ಕಾರಣವನ್ನು ಹೇಳಿ ವರ್ಷಗಟ್ಟಲೆ ಕಚೇರಿ ಅಲೆಯುವುದು ಸಮಯವನ್ನೂ ದುಡ್ಡನ್ನೂ ಕಳೆದುಕೊಳ್ಳುವ ದಾರಿ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆಯಾದರೂ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಆದ್ದರಿಂದ ತಪ್ಪಾಗಿ ಆರಿಸಿದ ಒಂದು ಆಯುಧ ಆ ಎರಡು ಜಾಗಗಳಲ್ಲಿ ಒಂದನ್ನು ತಿಂದುಹಾಕುತ್ತದೆ.

ಪರವಾನಗಿ ಸಿಕ್ಕಿತೆಂದೇ ಇಟ್ಟುಕೊಂಡರೂ ಆಯ್ಕೆ ಕಿರಿದು. ನಳಿಗೆಯ ಒಳವ್ಯಾಸಕ್ಕೆ ಬೋರ್ ಎನ್ನುತ್ತಾರೆ. ಸೇನೆ ಮತ್ತು ಪೊಲೀಸರು ಬಳಸುವ 9 ಮಿಲಿಮೀಟರಿನಂಥ ಬೋರುಗಳು ನಿಷೇಧಿತ ವರ್ಗದಲ್ಲಿರುವುದರಿಂದ ಸಾಮಾನ್ಯ ನಾಗರಿಕನ ಪಾಲಿಗೆ ಮುಖ್ಯವಾಗಿ ಉಳಿಯುವುದು .32, ಎಂದರೆ ಒಂದು ಅಂಗುಲದ ನೂರರಲ್ಲಿ 32 ಪಾಲು, ಸುಮಾರು 8 ಮಿಲಿಮೀಟರ್. ಖಾಸಗಿ ಆಮದು 1980ರ ದಶಕದಿಂದ ನಿಂತುಹೋಗಿದೆ. ಹೀಗಾಗಿ ಅದಕ್ಕೂ ಮುಂಚೆ ಬಂದ ಹಳೆಯ ವಿದೇಶಿ ರಿವಾಲ್ವರುಗಳು ಕೈಯಿಂದ ಕೈಗೆ ದಾಟುತ್ತ, ತಮ್ಮ ಗುಣಕ್ಕಿಂತ ಅಪರೂಪದ ಬಲದಿಂದಲೇ, ಸರಕಾರಿ ಕಾರ್ಖಾನೆಯ ಹೊಸ ಮಾಲಿನ ಹಲವು ಪಟ್ಟು ಬೆಲೆ ಪಡೆಯುತ್ತವೆ. ಕಡಿಮೆ ಹಣದವನು ಅತ್ತ ತಲೆ ಹಾಕಬಾರದು, ಏಕೆಂದರೆ ಅರ್ಧ ಶತಮಾನ ದಾಟಿದ ಸ್ಪ್ರಿಂಗು, ಸವೆದ ನಳಿಗೆಗಳ ಬಿಡಿಭಾಗ ಹುಡುಕುವ ಖರ್ಚು ಮುಂದೆ ಬೇರೆಯೇ ಕಾದಿರುತ್ತದೆ. ಮುಖ್ಯವಾಗಿ ಉಳಿಯುವುದು ಆರ್ಡ್‌ನನ್ಸ್ ಕಾರ್ಖಾನೆಗಳ .32 ರಿವಾಲ್ವರ್ ಮತ್ತು ಅಶನಿ ಹೆಸರಿನ .32 ಪಿಸ್ತೂಲು. (2021ರ ಅಕ್ಟೋಬರ್ 1ರಂದು ಆರ್ಡ್‌ನನ್ಸ್ ಕಾರ್ಖಾನೆ ಮಂಡಳಿ ಏಳು ಕಂಪನಿಗಳಾಗಿ ಒಡೆದ ಮೇಲೆ ಈ ಆಯುಧಗಳು ಒಂದು ಕಂಪನಿಯ ಪಾಲಿಗೂ ಮದ್ದುಗುಂಡು ಇನ್ನೊಂದರ ಪಾಲಿಗೂ ಹೋಗಿವೆ.) ಎರಡನ್ನೂ .32 ಎಂದೇ ಕರೆದರೂ ತೋಟಾ ಒಂದೇ ಅಲ್ಲ: ರಿವಾಲ್ವರಿನದು 23 ಮಿಲಿಮೀಟರ್ ಉದ್ದದ ಅಂಚುಳ್ಳ ಕೊಳವೆ, ಪಿಸ್ತೂಲಿನದು 17 ಮಿಲಿಮೀಟರಿನದು. ಅಂಕಿಯೊಂದನ್ನೇ ನಂಬಿ ಕೊಂಡವನು ಅಂಗಡಿಗೆ ಎರಡನೆಯ ಸಲ ಹೋಗಬೇಕಾಗುತ್ತದೆ.

ಈ ಎರಡರಲ್ಲಿ ಹೊಸಬನಿಗೆ ಒಗ್ಗುವುದು ರಿವಾಲ್ವರ್. ಅದರ ತಿರುಗುವ ಉರುಳೆಯನ್ನು ಪಕ್ಕಕ್ಕೆ ತೆರೆದರೆ ತುಂಬಿದೆಯೋ ಬರಿದಾಗಿದೆಯೋ ಕಣ್ಣಿಗೆ ಕಾಣುತ್ತದೆ. ಪಿಸ್ತೂಲಿನಲ್ಲಾದರೆ ಹಿಡಿಯೊಳಗಿನ ತೋಟಾಪೆಟ್ಟಿಗೆಯನ್ನು ಕಿತ್ತ ಮೇಲೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದುಕೊಂಡಿರಬಹುದು, ಬರಿದೆಂದು ಬಗೆದ ಪಿಸ್ತೂಲು ಮನೆಯೊಳಗೆ ಸಿಡಿಯುವುದಕ್ಕೆ ಈ ಒಂದು ಮರೆವು ಸಾಕು. ರಿವಾಲ್ವರುಗಳಲ್ಲಿ ವಿಮರ್ಶೆಗೆ ಹೆಚ್ಚು ಯೋಗ್ಯವಾದದ್ದು 2014ರ ಜನವರಿಯಲ್ಲಿ ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆ ಹೊರತಂದ ನಿರ್ಭೀಕ್. ದೆಹಲಿಯ ಅತ್ಯಾಚಾರ ಪ್ರಕರಣದ ನಂತರ ಹೆಂಗಸರ ರಕ್ಷಣೆಯ ಹೆಸರಿನಲ್ಲಿ ಬಂದ, ಟೈಟಾನಿಯಂ ಮಿಶ್ರಲೋಹದ, ಸುಮಾರು 500 ಗ್ರಾಂ ತೂಕದ ಆ ರಿವಾಲ್ವರಿನ ಬೆಲೆ ಆಗ 1,22,360 ರೂಪಾಯಿ. ರಕ್ಷಣೆ ಅತಿ ಹೆಚ್ಚು ಬೇಕಾದ ಹೆಂಗಸು, ನಸುಕಿನಲ್ಲಿ ಹೊಲಕ್ಕೆ ಹೋಗುವ ಕೂಲಿಯಾಳೋ ಸಂತೆ ಮುಗಿಸಿ ಕತ್ತಲಲ್ಲಿ ಊರಿಗೆ ಮರಳುವವಳೋ, ಆ ಹಣವನ್ನು ಎಂದೂ ಒಟ್ಟುಮಾಡಲಾರಳು. ಅದಕ್ಕಿಂತ ಆಳದ ಆಕ್ಷೇಪವೊಂದಿದೆ. ಬಂದೂಕು ಹಗುರಾದಷ್ಟೂ ಗುಂಡು ಹಾರುವಾಗಿನ ಹಿಂದೊದೆತ ಕೈಗೆ ಹೆಚ್ಚು ತಟ್ಟುತ್ತದೆ, ಕಲಿಯುವವಳು ಎರಡನೆಯ ಗುಂಡಿಗೆ ಮೊದಲೇ ಕಣ್ಣು ಮುಚ್ಚಿ ಮಣಿಕಟ್ಟು ಬಿಗಿಯುತ್ತಾಳೆ. ಕೈಚೀಲದಲ್ಲಿಡಲು ಹಗುರ ಎಂದು ಹೊಗಳುವ ಗುಣವೇ ಅಭ್ಯಾಸಕ್ಕೆ ತೊಡಕಾಗುತ್ತದೆ. ಸಕಾರಣವಿದ್ದು ಪರವಾನಗಿ ಪಡೆದವರಿಗೆ ಇದಕ್ಕಿಂತ ಭಾರವಾದ, ಇದಕ್ಕಿಂತ ಅಗ್ಗವಾದ ಸಾದಾ ಉಕ್ಕಿನ .32 ರಿವಾಲ್ವರೇ ಲೇಸು.

ಆದರೆ ಯಾವ ರಿವಾಲ್ವರ್ ಆದರೂ ಅದರ ನಿಜವಾದ ಬೆಲೆ ಅಂಗಡಿಯ ಚೀಟಿಯಲ್ಲಿ ಬರೆದಿರುವುದಿಲ್ಲ. ನಳಿಗೆಯ ತುದಿಯ ಮೊನೆಗೂ ಹಿಂದಿನ ಕಚ್ಚಿಗೂ ನಡುವಿನ ಅಂತರವನ್ನು ಗುರಿಯಳತೆ ಎನ್ನೋಣ. ಗಿಡ್ಡ ರಿವಾಲ್ವರಿನಲ್ಲಿ ಅದು 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಮೊನೆ ಒಂದೇ ಒಂದು ಮಿಲಿಮೀಟರ್ ಓರೆಯಾದಾಗ 10 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ. 60 ಸೆಂಟಿಮೀಟರ್ ಗುರಿಯಳತೆಯ ರೈಫಲಿನಲ್ಲಿ ಅದೇ ಓರೆ ಎರಡು ಸೆಂಟಿಮೀಟರಿಗೂ ಕಡಿಮೆ ತಪ್ಪಿಗೆ ನಿಲ್ಲುತ್ತದೆ. ಇದು ಕೈ ನಡುಗದ, ಹಗಲಿನ, ನಿಂತ ಗುರಿಯ ಲೆಕ್ಕ. ನಡುರಾತ್ರಿ ಪಡಸಾಲೆಯಲ್ಲಿ ಎದೆ ಹೊಡೆದುಕೊಳ್ಳುತ್ತಿರುವವನ ಕೈಯಲ್ಲಿ ಮೊನೆ ಎಷ್ಟು ಓರೆಯಾಗುತ್ತದೆಂಬುದನ್ನು, ತಪ್ಪಿದ ಗುಂಡು ಗೋಡೆಯಾಚೆಯ ಕೋಣೆಯಲ್ಲಿ ಯಾರನ್ನು ಹುಡುಕಿಕೊಂಡು ಹೋಗುತ್ತದೆಂಬುದನ್ನು, ಆಯುಧ ಆರಿಸುವವರು ಮೊದಲು ನೆನೆಯಬೇಕು. ಈ ಓರೆಯನ್ನು ತಿದ್ದುವುದು ಅಭ್ಯಾಸ ಮಾತ್ರ, ಅಭ್ಯಾಸಕ್ಕೆ ನೂರಾರು ತೋಟಾ ಬೇಕು, ತೋಟಾಗಳಿಗೆ ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂಬ ಮಿತಿ ಪರವಾನಗಿಯ ಪುಸ್ತಕದಲ್ಲೇ ಇರುತ್ತದೆ. ಹೊಲದ ಬದುವಿನಲ್ಲಿ ತೆಂಗಿನಚಿಪ್ಪು ನಿಲ್ಲಿಸಿ ಹೊಡೆದು ಕಲಿಯುತ್ತೇನೆಂಬುದು ಆತ್ಮರಕ್ಷಣೆಗೆಂದು ಕೊಟ್ಟ ಪರವಾನಗಿಯ ಷರತ್ತಿಗೆ ಹೊಂದುವ ಮಾತಲ್ಲ. ಕೊಂಡ ವರ್ಷ ನಾಲ್ಕು ಗುಂಡು ಹಾರಿಸಿ, ಆಮೇಲೆ ವರ್ಷಕ್ಕೊಮ್ಮೆ ಖಂಡೇಪೂಜೆಯ ದಿನ ಎಣ್ಣೆ ಒರೆಸಿ ಕುಂಕುಮ ಹಚ್ಚಿ ಗೂಡಿಗೆ ಸೇರಿಸುವ ರಿವಾಲ್ವರ್ ಯಾರನ್ನೂ ಕಾಯುವುದಿಲ್ಲ.

ಆ ಪೂಜೆಯ ಹಿಂದಿನ ಭಾವವನ್ನು ಹಗುರವಾಗಿ ಕಾಣಬೇಕಿಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ವೀರಗಲ್ಲುಗಳನ್ನು ನೋಡಿ ಬೆಳೆದ ನಾಡಿಗೆ ಆಯುಧವೆಂದರೆ ಮಾನ; 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆ ಮುಧೋಳ ಸೀಮೆಗೆ ಬಂದಾಗ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ, ಊರು ಸುಟ್ಟುಹೋದರೂ ಬಾಗದೆ, ಗಲ್ಲಿಗೇರಿದ ಕಥೆ ಲಾವಣಿಯಾಗಿ ಇಂದಿಗೂ ಬದುಕಿದೆ. ಆದರೆ ಆ ಆಯುಧಗಳು ದಿನವೂ ಬೇಟೆಯಲ್ಲಿ, ಕಾವಲಿನಲ್ಲಿ ಪಳಗಿದ ಕೈಗಳಲ್ಲಿದ್ದವು. ಆ ಮಾನ ಪಳಗಿದ ಕೈಗೆ ಸಂದದ್ದು, ಕಬ್ಬಿಣಕ್ಕಲ್ಲ.

ಆತ್ಮರಕ್ಷಣೆಯ ಹಕ್ಕಿಗೂ ಅಳತೆಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಜೀವ ಮತ್ತು ಸೊತ್ತಿನ ರಕ್ಷಣೆಗೆ ಅವಕಾಶ ಕೊಡುತ್ತವೆಯಾದರೂ, ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಸರಕಾರಿ ಅಧಿಕಾರಿಗಳ ಮೊರೆಹೋಗಲು ಸಮಯವಿದ್ದಾಗ ಆ ಹಕ್ಕೇ ಹುಟ್ಟುವುದಿಲ್ಲ. ಬದುವಿನ ಜಗಳ, ಕಾಲುವೆ ನೀರಿನ ಪಾಳಿ, ಚುನಾವಣೆಯ ಹಗೆ ಇವು ಹಲವು ದಿನ ಹೊಗೆಯಾಡಿ ಹೊತ್ತುವಂಥವು; ಇಂಥಲ್ಲಿ ರಿವಾಲ್ವರ್ ತೆಗೆದವನು ನ್ಯಾಯಾಲಯದಲ್ಲಿ ರಕ್ಷಣೆಯ ಮಾತಾಡುವುದು ಕಷ್ಟ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತರುವುದಕ್ಕೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡನ್ನೂ ಇಟ್ಟಿದೆ. ಚುನಾವಣೆ ಘೋಷಣೆಯಾದಾಗ ಪರವಾನಗಿಯ ಆಯುಧಗಳನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಬರುವುದೂ ಎಲ್ಲರಿಗೂ ತಿಳಿದದ್ದು. ಹಿರೇಕೆರೂರು 2019ರ ಡಿಸೆಂಬರಿನಲ್ಲಿ, ಹಾನಗಲ್ಲ 2021ರ ಅಕ್ಟೋಬರಿನಲ್ಲಿ, ಸವಣೂರನ್ನೂ ಒಳಗೊಂಡ ಶಿಗ್ಗಾಂವಿ ಕ್ಷೇತ್ರ 2024ರ ನವೆಂಬರಿನಲ್ಲಿ ಉಪಚುನಾವಣೆ ಕಂಡವು. ಗ್ರಾಮ ಪಂಚಾಯಿತಿಯಿಂದ ಲೋಕಸಭೆಯವರೆಗಿನ ಮಾಮೂಲಿ ಚುನಾವಣೆಗಳು ಇದರ ಮೇಲೆ. ಹಗೆ ಹೆಚ್ಚು ಕಾವೇರುವ ವಾರಗಳಲ್ಲೇ ಆಯುಧ ಠಾಣೆಯ ಕೋಣೆಯಲ್ಲಿರಬಹುದಾದರೆ, ಅದರ ಮೇಲೆ ಲಕ್ಷದ ಹತ್ತಿರದ ಹಣ ಹೂಡುವ ಮುನ್ನ ಗಟ್ಟಿಯಾದ ಬಾಗಿಲು, ಅಂಗಳದ ದೀಪ, ಸಾಕಿದ ನಾಯಿ, ನೆರೆಯವರೊಡನೆ ಮಾತು ಇವುಗಳಿಗೆ ಎಷ್ಟು ಖರ್ಚಾದೀತೆಂದು ಲೆಕ್ಕ ಹಾಕುವುದು ಪೇಚಿನ ಸಂಗತಿಯಲ್ಲ.

ಹೊಲದ ಬಂದೂಕಿನ ಮಾತು ಬೇರೆ. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಹಂದಿಯ ಹಿಂಡು ಒಂದು ರಾತ್ರಿಯಲ್ಲಿ ಬೆಳೆಯನ್ನು ಉರುಳಿಸಿ ಹೋಗುವ ನೋವು ಕಲ್ಪನೆಯದಲ್ಲ. ಅಟ್ಟ ಕಟ್ಟಿ, ಡಬ್ಬಿ ಬಡಿದು, ಕವಣೆ ಬೀಸಿ ಕಾಯುವ ರೈತನಿಗೆ ಕೇಪಿನ ಬಂದೂಕಿನ ಒಂದು ಸದ್ದೇ ದೊಡ್ಡ ನೆರವು. ರಿವಾಲ್ವರಿನ ಗುಂಡು ಕತ್ತಲಲ್ಲಿ ಓಡುವ ಹಂದಿಯನ್ನು ತಾಗುವುದು ಅದೃಷ್ಟ, ಗಾಯಗೊಂಡ ಹಂದಿ ತಿರುಗಿ ಬೀಳುವುದು ನಿಜವಾದ ಅಪಾಯ. ಆದರೂ ಬಂದೂಕಿನ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ನಿಂತ ಬೆಳೆಗೆ ಹಾನಿ ಮಾಡುವ ಪ್ರಾಣಿಯನ್ನು ಕೊಲ್ಲಲು ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಸದ್ಭಾವದಿಂದ ಕೊಂದದ್ದು ಮಾತ್ರ ಅಪರಾಧವಲ್ಲ. ಈ ಅನುಮತಿಯ ದಾರಿ ರೈತನಿಗೆ ಹತ್ತಿರವೂ ಚುರುಕೂ ಆಗದಿದ್ದರೆ ಅವನು ಸಿಡಿಮದ್ದಿನ ಉಂಡೆಗೋ ಬೇಲಿಗೆ ಹರಿಸುವ ಕರೆಂಟಿಗೋ ಕೈ ಹಾಕುತ್ತಾನೆ, ಆಗ ಸಾಯುವುದು ಹಂದಿಯಷ್ಟೇ ಅಲ್ಲ, ದನ, ನಾಯಿ, ನಸುಕಿನಲ್ಲಿ ನೀರು ಹಾಯಿಸಲು ಬಂದ ನೆರೆಹೊಲದ ಮನುಷ್ಯ ಕೂಡ.

ಕಡಿಮೆ ಖರ್ಚಿನಲ್ಲಿ ಗುರಿ ಹೊಡೆಯುವುದನ್ನು ಕಲಿಯಬೇಕೆನ್ನುವವರಿಗೆ ಇರುವ ಅತ್ಯುತ್ತಮ ಆಯ್ಕೆಗೆ ಮದ್ದೇ ಬೇಕಿಲ್ಲ. ಒತ್ತಿದ ಗಾಳಿಯಿಂದ ಸೀಸದ ಪುಟ್ಟ ಗುಂಡನ್ನು ತಳ್ಳುವ .177, ಅಂದರೆ 4.5 ಮಿಲಿಮೀಟರ್ ಬೋರಿನ ಏರ್ ಪಿಸ್ತೂಲು, ಅದರ ಹೊಡೆತದ ಶಕ್ತಿ 20 ಜೌಲ್ ಮೀರದಿದ್ದರೆ, ವೈಯಕ್ತಿಕ ಪರವಾನಗಿಯಿಲ್ಲದೆ ದೊರೆಯುತ್ತದೆ. ಸ್ಪರ್ಧೆಗೆ ಬಳಸುವ ವಿದೇಶಿ ಏರ್ ಪಿಸ್ತೂಲುಗಳು ಲಕ್ಷ ದಾಟುತ್ತವೆ, ಆದರೆ ಕಲಿಕೆಗೆ ಸಾಕಾಗುವ ದೇಶಿ ಪಿಸ್ತೂಲುಗಳು ಕೆಲವೇ ಸಾವಿರಕ್ಕೆ ಸಿಗುತ್ತವೆ, ಒಂದು .32 ತೋಟಾದ ದುಡ್ಡಿಗೆ ಡಜನುಗಟ್ಟಲೆ ಸೀಸದ ಗುಂಡು ಬರುತ್ತವೆ. ಬೇಕಾದ ಜಾಗ 10 ಮೀಟರ್. ಖಾಲಿ ಗೋದಾಮಿನಲ್ಲೋ ಶಾಲೆಯ ಉದ್ದ ಕೋಣೆಯಲ್ಲೋ, ಗುರಿಯ ಹಿಂದೆ ಗುಂಡನ್ನು ಹಿಡಿದಿಡುವ ಉಕ್ಕಿನ ತಗಡಿನ ಪೆಟ್ಟಿಗೆಯಿಟ್ಟು, ಆ ಬದಿಯ ಬಾಗಿಲಿಗೆ ಅಗಳಿ ಹಾಕಿ, ಕಣ್ಣಿಗೆ ಕನ್ನಡಕ ತೊಟ್ಟರೆ ಅಭ್ಯಾಸ ಶುರುಮಾಡಬಹುದು. ಬೆಂಗಳೂರಿನ ಪ್ರಕಾಶ್ ನಂಜಪ್ಪ ಪಿಸ್ತೂಲ್ ಶೂಟಿಂಗಿನಲ್ಲಿ 2016ರ ರಿಯೊ ಒಲಿಂಪಿಕ್ಸಿನವರೆಗೆ ಹೋದರು, ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್ಪಿನ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡದ ಚಿನ್ನ ಗೆದ್ದರು. ಹಾವೇರಿ ಜಿಲ್ಲೆಯ ಹುಡುಗ ಹುಡುಗಿಯರಿಗೂ ಈ ದಾರಿ ತೆರೆಯಬೇಕು. ಕೊರತೆ ಇರುವುದು ಕೈಗಳದ್ದಲ್ಲ, ತಾಲ್ಲೂಕಿಗೊಂದು ಹತ್ತು ಮೀಟರಿನ ಕೋಣೆಯದು, ಕಲಿಸುವ ಗುರುವಿನದು.

ಪರವಾನಗಿ ಬೇಡದ ಈ ಸಲೀಸುತನಕ್ಕೆ ಕೆಟ್ಟ ಮುಖವೂ ಇದೆ. ಏರ್ ಗನ್ ಕೈಗೆ ಬಂದವರು ಗೊರವಂಕ, ಬೆಳವ, ಕೆರೆಯ ಬಾತುಗಳ ಮೇಲೆ ಗುರಿ ಹಿಡಿಯುವುದು ಆಟವಲ್ಲ, ಅಪರಾಧ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗೆ 2006ರಿಂದ ನವಿಲುಧಾಮವಿದೆ. ಆ ನವಿಲುಗಳು ಸುತ್ತಲಿನ ಹೊಲಗಳಿಗೂ ಬರುತ್ತವೆ, ಅವುಗಳಿಗೆ ವನ್ಯಜೀವಿ ಕಾಯ್ದೆ ಕೊಟ್ಟಿರುವುದು ಅತ್ಯುನ್ನತ ರಕ್ಷಣೆ. ಏರ್ ಪಿಸ್ತೂಲು ಕೊಡಿಸುವ ತಂದೆತಾಯಿ ಅದನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು, ಗುರಿಪಟದ ಮುಂದೆ ಮಾತ್ರ ಹೊರತೆಗೆಯುವ ಕಟ್ಟುಪಾಡನ್ನು ಮೊದಲ ದಿನವೇ ಹಾಕಬೇಕು.

ಆ ಗುರಿಪಟ 17 ಸೆಂಟಿಮೀಟರ್ ಚೌಕದ ಒಂದು ಕಾಗದ. ಅದರ ನಡುವಿನ ಕಪ್ಪು ಬಿಲ್ಲೆ 59.5 ಮಿಲಿಮೀಟರ್ ಅಗಲ, ಅದರೊಳಗಿನ ಹತ್ತರ ವೃತ್ತ 11.5 ಮಿಲಿಮೀಟರ್, ಎಂದರೆ ಅಂಗಿಯ ಒಂದು ಗುಂಡಿಯಷ್ಟು. ಹತ್ತು ಮೀಟರ್ ದೂರದಿಂದ, ಒಂದೇ ಕೈಯನ್ನು ಚಾಚಿ, ಇನ್ನೊಂದನ್ನು ಕಿಸೆಯಲ್ಲಿಟ್ಟು, ಉಸಿರನ್ನು ಅರ್ಧ ಬಿಟ್ಟು ಹಿಡಿದು, 60 ಗುಂಡು ಹಾರಿಸಿದ ಮೇಲೆ ಆ ಕಾಗದವನ್ನು ಬೆಳಕಿಗೆ ಹಿಡಿದರೆ, ತೂತುಗಳು ಗುಂಡಿಯ ಸುತ್ತ ಕೂಡಿವೆಯೋ ಕಾಗದದ ಮೂಲೆಗಳಿಗೆ ಚದುರಿವೆಯೋ ಎಂಬುದು ಯಾರಿಗಾದರೂ ಕಾಣುತ್ತದೆ. ರಿವಾಲ್ವರಿನ ಅರ್ಜಿ ಬರೆಯಲು ಕುಳಿತವರು ಅಂಥ ಹತ್ತು ಕಾಗದಗಳನ್ನು ಮೊದಲು ಎದುರಿಗೆ ಹರಡಿಕೊಂಡು ನೋಡಲಿ.