ನೀರಿನ ಮೇಲೆ ಕೂತ ಆಂಟೆನಾ

ಕೊಲ್ಲೂರಿನಿಂದ ಘಟ್ಟ ಹತ್ತಿ ಸಿಗಂದೂರಿಗೆ ಹೋಗಿಬರುವ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಶರಾವತಿ ಹಿನ್ನೀರು ಹೊಸತಲ್ಲ. 2020ರ ಆರಂಭದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಇದೇ ಹಿನ್ನೀರಿನಲ್ಲಿ ತೆಪ್ಪದ ಮೇಲೊಂದು ಆಂಟೆನಾ ತೇಲಿಬಿಟ್ಟರು. ಹೆಸರು ಸಾರಸ್-3. ಆಕಾಶ ಆಲಿಸುವ ಉಪಕರಣಗಳಲ್ಲಿ ನನಗೆ ದೊಡ್ಡ ದೊಡ್ಡ ತಟ್ಟೆಗಳಿಗಿಂತ ಇದರ ಮೇಲೇ ಪ್ರೀತಿ ಹೆಚ್ಚು.

ಅದು ಹುಡುಕಿದ್ದು ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ನಿನ ಗುರುತನ್ನು. ಹೊರಟಾಗ 21 ಸೆಂಟಿಮೀಟರಿನ ಮೈಕ್ರೋವೇವ್ ಅಲೆ. ಬ್ರಹ್ಮಾಂಡದ ಜೊತೆ ತಾನೂ ಹಿಗ್ಗಿ ನಮ್ಮನ್ನು ಮುಟ್ಟುವಾಗ ಸುಮಾರು ನಾಲ್ಕು ಮೀಟರ್. ಆ ಗುರುತು 78 ಮೆಗಾಹರ್ಟ್ಸ್ ಬಳಿ ಅರ್ಧ ಕೆಲ್ವಿನ್ ಆಳದ ತಗ್ಗಾಗಿ ಕಂಡಿದೆ ಎಂದು ಆಸ್ಟ್ರೇಲಿಯಾದಲ್ಲಿ ಅಳತೆ ಮಾಡಿದ ಎಡ್ಜೆಸ್ ತಂಡ 2018ರಲ್ಲಿ ಸಾರಿತ್ತು. ಆ ಆವರ್ತನದಲ್ಲಿ ನಮ್ಮ ಆಕಾಶಗಂಗೆಯ ಸದ್ದೇ ಸಾವಿರಾರು ಕೆಲ್ವಿನ್!

ಅಷ್ಟು ಸದ್ದಿನ ನಡುವೆ ಇಷ್ಟು ಚಿಕ್ಕ ತಗ್ಗನ್ನು ನಂಬಬೇಕಾದರೆ ಆಂಟೆನಾದ ಬೀಮ್ ನೆಟ್ಟಗಿರಬೇಕು. ಆಂಟೆನಾ ಯಾವ ದಿಕ್ಕಿನಿಂದ ಎಷ್ಟು ಹಿಡಿಯುತ್ತದೆ ಎಂಬ ಆಕಾರವೇ ಬೀಮ್. ಬೀಸುಬಲೆ ಪ್ರತಿ ಸಲ ಬೇರೆ ಅಗಲಕ್ಕೆ ಬಿಚ್ಚಿಕೊಂಡರೆ ಮೀನೇ ಕಡಿಮೆಯೋ, ಬಲೆ ಸರಿ ಬೀಳಲಿಲ್ಲವೋ ಹೇಳುವುದು ಹೇಗೆ? ಆವರ್ತನ ಬದಲಾದಂತೆ ಬೀಮ್ ಬದಲಾದರೂ ಅಷ್ಟೇ. ಆಕಾಶಗಂಗೆಯ ಪಾಲು ಏರುಪೇರಾಗಿ, ಇಲ್ಲದ ತಗ್ಗು ಮೂಡಿಬಿಡಬಹುದು.

ಇದರಲ್ಲಿ ಅಡಿಯ ನೆಲದ್ದೇ ದೊಡ್ಡ ಕೈವಾಡ. ಮಣ್ಣು, ತೇವ, ಬಂಡೆ ಪದರ ಪದರವಾಗಿರುತ್ತವೆ. ಒಂದೊಂದಕ್ಕೂ ತಾಗಿ ಮರಳಿದ ಅಲೆ ಆವರ್ತನಕ್ಕೊಂದು ಬಗೆಯಲ್ಲಿ ಬೆರೆಯುತ್ತದೆ. ಎಡ್ಜೆಸ್‌ನವರು ಅಡಿಗೆ 30 ಮೀಟರ್ ಉದ್ದಗಲದ ಲೋಹದ ಜಾಲರಿ ಹಾಸಿದ್ದರು. ಜಾಲರಿಗೂ ಅಂಚಿದೆ, ಅಂಚಿನಿಂದಲೂ ಅಲೆ ಮರಳುತ್ತದೆ. ನೀರಾದರೋ ಮೇಲಿಂದ ತಳದವರೆಗೆ ಒಂದೇ ಹದ. ಅದಕ್ಕೇ ಮೊದಲು ಚಿಕ್ಕಬಳ್ಳಾಪುರ ಕಡೆಯ ದಂಡಿಗಾನಹಳ್ಳಿ ಕೆರೆ, ಆಮೇಲೆ ಶರಾವತಿ. ಸಾರಸ್ ತಂಡ ಅಳೆದದ್ದು 43.75ರಿಂದ 87.5 ಮೆಗಾಹರ್ಟ್ಸ್; ಅದರ ಮೇಲೆಯೇ ಎಫ್‌ಎಂ ಶುರುವಾಗುವುದರಿಂದ ಊರಿನಿಂದ ದೂರ ಹೋಗದೆ ಗತಿಯಿರಲಿಲ್ಲ.

ಆಂಟೆನಾದ ಆಕಾರವೂ ಚೆಂದ: ಲೋಹದ ತಟ್ಟೆಯ ಮೇಲೆ ತಲೆಕೆಳಗಾದ ಶಂಕು. ನೆತ್ತಿಯ ಮೇಲಿನದನ್ನು ಹಿಡಿಯುವುದೇ ಇಲ್ಲ, ಸುತ್ತಲಿನ ಆಕಾಶವನ್ನು ಬಳೆಯಾಕಾರದಲ್ಲಿ ಸಮನಾಗಿ ಹಿಡಿಯುತ್ತದೆ. ಆವರ್ತನ ಯಾವುದಾದರೂ ಹೆಚ್ಚುಕಡಿಮೆ ಅದೇ ಬಳೆ. ವಿನ್ಯಾಸಕಾರರ ಜಾಣ್ಮೆಯೆಲ್ಲ ಈ ಹಠದಲ್ಲಿದೆ.

ಫಲಿತಾಂಶ 2022ರ ಫೆಬ್ರುವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಬಂತು. ಎಡ್ಜೆಸ್ ಹೇಳಿದ ತಗ್ಗು ಆಕಾಶದ್ದಲ್ಲ ಎಂದು ಶೇ. 95.3ರ ವಿಶ್ವಾಸದೊಂದಿಗೆ ತಂಡ ಬರೆಯಿತು. ‘ಏನೂ ಸಿಗಲಿಲ್ಲ’ ಎಂಬ ಇಂಥ ಉತ್ತರಕ್ಕೆ ಚಪ್ಪಾಳೆ ಕಡಿಮೆ. ನನ್ನ ಲೆಕ್ಕದಲ್ಲಿ ಕನ್ನಡನಾಡಿನ ನೀರಿನ ಮೇಲೆ ನಡೆದ ಅತಿ ಸೂಕ್ಷ್ಮ ಅಳತೆಗಳಲ್ಲಿ ಇದೊಂದು.

ಸಂಸ್ಥೆ ಈಗ ಚಂದ್ರನನ್ನು ಸುತ್ತುವ ‘ಪ್ರತುಷ್’ ಉಪಕರಣದ ಯೋಜನೆಯಲ್ಲಿದೆ. ಅಲ್ಲಿ ಅಡಿಗೆ ಮಣ್ಣೂ ಇಲ್ಲ, ನೀರೂ ಇಲ್ಲ. ಆದರೆ ನೌಕೆಯ ಮೈಯೇ ಬೀಮನ್ನು ಬದಲಿಸುವುದರಿಂದ ಲೆಕ್ಕವನ್ನು ಮೊದಲಿನಿಂದ ಹಾಕಬೇಕು.