ಗೋಪುರ ಉಳಿಯಲಿ, ಯಾರ ನೆನಪಿಗೆ?

ಕೋಲಾರದ ಚಿನ್ನದ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಗಣಿ ಮುಚ್ಚಿದರೂ ಕೆಜಿಎಫ್‌ನಲ್ಲಿ ಒಂದು ತಕರಾರು ಮಾತ್ರ ಮುಗಿಯಲಿಲ್ಲ. ಗಣಿಬಾಯಿಗಳ ಮೇಲೆ ನಿಂತ ಕಬ್ಬಿಣದ ಶಾಫ್ಟ್ ಗೋಪುರಗಳು, ಕಾರ್ಮಿಕರ ಕೇಜನ್ನು ಇಳಿಸಿ ಏರಿಸುತ್ತಿದ್ದ ಯಂತ್ರಗಳ ಕಟ್ಟಡಗಳು, ಅದಿರು ಪುಡಿಮಾಡುತ್ತಿದ್ದ ಮಿಲ್ಲುಗಳು - ಇವನ್ನೆಲ್ಲ ಏನು ಮಾಡಬೇಕು? ಕೆಡವಿ ಗುಜರಿಗೆ ಹಾಕಿ, ಆ ಜಾಗದಲ್ಲಿ ಕಾರ್ಖಾನೆ ತನ್ನಿ ಎನ್ನುತ್ತಾರೆ ಒಂದು ಕಡೆಯವರು. ಇದು ನಾಡಿನ ಪರಂಪರೆ, ಕಾಪಾಡಿ ಮ್ಯೂಸಿಯಂ ಮಾಡಿ ಎನ್ನುತ್ತಾರೆ ಇನ್ನೊಂದು ಕಡೆಯವರು.

ಮೊದಲನೆಯವರನ್ನು ಸಂಸ್ಕೃತಿಗೇಡಿಗಳೆಂದು ಬೈಯುವುದು ಸುಲಭ. ಆದರೆ ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರು ಮೂರು ಸಾವಿರಕ್ಕೂ ಹೆಚ್ಚು ಮಂದಿ. ಅವರ ಮಕ್ಕಳು ಇಂದಿಗೂ ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಹಾಗೆ ಹೋಗಿ ಬರುವವನ ಮುಂದೆ ಪರಂಪರೆಯ ಮಾತಾಡಿದರೆ ಅವನು ನಕ್ಕರೆ ತಪ್ಪೇನು? 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಹಳೆಯ ಸುರಂಗವೊಂದಕ್ಕೆ ಕದ್ದು ಇಳಿದ ಮೂವರು ಉಸಿರುಗಟ್ಟಿ ಸತ್ತರು. ಪತ್ರಿಕೆಗಳು ಅವರನ್ನು ಕಳ್ಳರೆಂದವು. ಹಸಿವಿನ ಊರಲ್ಲಿ ಕಳ್ಳತನಕ್ಕೂ ಇತಿಹಾಸವಿರುತ್ತದೆ ಎಂಬುದನ್ನು ಬರೆಯುವಷ್ಟು ವ್ಯವಧಾನ ಅವಕ್ಕಿರಲಿಲ್ಲ.

ಇಷ್ಟಾದರೂ ಕೆಡವುವುದರ ಪರವಾಗಿ ನಾವಿಲ್ಲ. ಕಾರಣ ಹೇಳಬೇಕು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದ ಮೇಲೆ ಸುಮಾರು 120 ವರ್ಷ ಈ ನೆಲದಿಂದ 800 ಟನ್ನಿನಷ್ಟು ಚಿನ್ನ ಹೊರಬಿತ್ತು ಎಂಬುದು ಅಂದಾಜು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹಾದು ಮೊದಲು ಬಂದದ್ದು ಇಲ್ಲಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೂರು ವರ್ಷಕ್ಕೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಂಗಾತಿಗಳೊಡನೆ ಇದೇ ಗಣಿಯ ಆಳದಲ್ಲಿ ಕೂತು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು ಜಗತ್ತಿನಲ್ಲೇ ಮೊದಲು ಗುರುತಿಸಿದವರ ಸಾಲಿಗೆ ಸೇರಿದರು. ಪರಂಪರೆಯ ಪರ ವಾದಿಸುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಚಿನ್ನ, ವಿದ್ಯುತ್ತು, ವಿಜ್ಞಾನ, ಜೊತೆಗೆ ಗೋರರ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. 'ಲಿಟ್ಲ್ ಇಂಗ್ಲೆಂಡ್' ಎಂಬ ಹೆಸರನ್ನು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ!

ಆ ಇಂಗ್ಲೆಂಡಿನ ಕೆಳಗೆ ಯಾರಿದ್ದರು? ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದವರು, ಬಹುಪಾಲು ದಲಿತರು, ತಮಿಳು ಮಾತಾಡುವವರು. ಊರಲ್ಲಿ ಜಮೀನ್ದಾರನ ಕಾಲಬುಡದಿಂದ ತಪ್ಪಿಸಿಕೊಂಡು ಬಂದು ಇಲ್ಲಿ ಬಂಡೆಯ ಬುಡಕ್ಕೆ ಇಳಿದವರು. ಬಂಡೆ ಸಿಡಿದು ಸತ್ತವರು ಒಂದು ಲೆಕ್ಕ, ದೂಳು ಕುಡಿದು ನಿಧಾನ ಸತ್ತವರು ಇನ್ನೊಂದು ಲೆಕ್ಕ. 1940ರಿಂದ 46ರವರೆಗೆ ನಡೆದ ತಪಾಸಣೆಯಲ್ಲಿ 7,653 ಕಾರ್ಮಿಕರ ಪೈಕಿ ಶೇಕಡಾ 43.7 ಮಂದಿಗೆ ಸಿಲಿಕೋಸಿಸ್ ಇರುವುದು ಕಂಡುಬಂತು. ಸುಮಾರು ಅರ್ಧದಷ್ಟು ಜನರ ಶ್ವಾಸಕೋಶ ಕಲ್ಲಾಗುತ್ತಿತ್ತು ಎಂದರ್ಥ. ಆ ಗೋಪುರದ ಚಕ್ರ ತಿರುಗಿದಾಗಲೆಲ್ಲ ಕೆಳಗಿಳಿದದ್ದು ಈ ಜನ. ಗೋಪುರ ಬಿದ್ದರೆ ಅವರು ಇಲ್ಲಿದ್ದರೆಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಉಳಿಯುವುದಿಲ್ಲ. ಕೋಟೆ, ಅರಮನೆ, ಗುಡಿ, ದರ್ಗಾಗಳಿಗೆ ಹೇಳುವವರು ಕೇಳುವವರು ಇದ್ದಾರೆ. ಕೂಲಿಯವನ ಸ್ಮಾರಕಕ್ಕೆ ಯಾವ ಸಮುದಾಯ ಬಂದು ನಿಲ್ಲಬೇಕು?

ಸಾಕ್ಷಿ ಇಲ್ಲವಾದರೆ ಆ ಜಾಗಕ್ಕೆ ಏನು ಬಂದು ಕೂರುತ್ತದೆ ಎಂದು ಊಹಿಸುವ ಶ್ರಮವೂ ಈಗ ಬೇಕಿಲ್ಲ. 2018ರ ಡಿಸೆಂಬರಿನಲ್ಲಿ ಬಂದ 'ಕೆಜಿಎಫ್' ಸಿನಿಮಾ, 2022ರ ಅದರ ಎರಡನೇ ಭಾಗ ನಮ್ಮ ಕಣ್ಣ ಮುಂದಿವೆ. ಕನ್ನಡ ಚಿತ್ರವೊಂದು ದೇಶವನ್ನೇ ಗೆದ್ದಿತೆಂಬ ಸಂತೋಷ ನಮಗೂ ಇದೆ. ಅದರ ತಾಂತ್ರಿಕ ಕುಶಲತೆಯ ಬಗ್ಗೆ ಎರಡು ಮಾತಿಲ್ಲ. ಕಾಲ್ಪನಿಕ ಕಥೆಗೆ ಇತಿಹಾಸದ ತಕ್ಕಡಿ ಯಾಕೆ ಎಂದು ಯಾರಾದರೂ ಕೇಳಬಹುದು. ಆದರೆ ಕಥೆಗೆ ನರಾಚಿ ಎಂಬ ಹೆಸರಿಟ್ಟವರು ಶೀರ್ಷಿಕೆಗೆ ನಿಜದ ಊರಿನ ಹೆಸರನ್ನೇ ಇಟ್ಟರು. ಅಲ್ಲಿಯ ಸೈನೈಡ್ ದಿಬ್ಬಗಳ ಮೇಲೆಯೇ ಚಿತ್ರೀಕರಣ ಮಾಡಿದರು. ಹಾಗಿರುವಾಗ ಪ್ರಶ್ನೆ ಕೇಳುವ ಹಕ್ಕು ನೋಡುಗನಿಗಿದೆ.

ಸಿನಿಮಾದ ಗಣಿಯಲ್ಲಿ ಕಾರ್ಮಿಕರಿಲ್ಲ, ಗುಲಾಮರಿದ್ದಾರೆ. ಮಸಿ ಬಳಿದ ಮುಖ, ಹರಿದ ಬಟ್ಟೆ, ಮಾತೇ ಇಲ್ಲದ ಮಂದೆ. ಮುಂಬೈಯಿಂದ ಒಬ್ಬ ಶೂರ ಬಂದು ಬಿಡಿಸುವವರೆಗೂ ಅವರು ಕಾಯುತ್ತಾರೆ, ಬಿಡಿಸಿದ ಮೇಲೆ ಅವನಿಗಾಗಿಯೇ ಅಗೆಯುತ್ತಾರೆ. ನಿಜದ ಕೆಜಿಎಫ್‌ನ ಕಾರ್ಮಿಕರು ಯಾವ ಶೂರನಿಗೂ ಕಾಯಲಿಲ್ಲ. 1930ರಲ್ಲಿ, ಎಲ್ಲರೂ ಹೆಬ್ಬೆಟ್ಟಿನ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಕಂಪನಿ ಹೇಳಿದಾಗ, ತಮ್ಮನ್ನು ಅಪರಾಧಿಗಳಂತೆ ಕಾಣುತ್ತಿದ್ದಾರೆಂದು ಅವರು ಕೆಲಸ ನಿಲ್ಲಿಸಿದರು. ವಾರಗಟ್ಟಲೆ ಗಣಿ ಸ್ತಬ್ಧವಾಯಿತು. ಇತಿಹಾಸಕಾರ್ತಿ ಜಾನಕಿ ನಾಯರ್ ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಕುರಿತ ತಮ್ಮ ಗ್ರಂಥದಲ್ಲಿ ಈ ಬದುಕನ್ನು ವಿವರವಾಗಿ ಕಟ್ಟಿಕೊಟ್ಟಿದ್ದಾರೆ. ಸಂಘ ಕಟ್ಟಿದವರು, ಫುಟ್‌ಬಾಲ್ ಆಡಿದವರು, ಮಕ್ಕಳನ್ನು ಓದಿಸಿದವರು ಈ ಜನ. ಸಿನಿಮಾಕ್ಕೆ ಅವರ ಬಡತನ ಬೇಕಾಯಿತು, ಅವರ ಬುದ್ಧಿ ಬೇಡವಾಯಿತು. 2024ರಲ್ಲಿ ಬಂದ ಪಾ. ರಂಜಿತ್ ಅವರ ತಮಿಳು ಚಿತ್ರ 'ತಂಗಲಾನ್' ಮಾಯೆ, ಕನಸುಗಳ ನಡುವೆ ಎಷ್ಟೋ ಕಡೆ ದಾರಿ ತಪ್ಪುತ್ತದೆ. ಆದರೂ ಅಲ್ಲಿ ನೆಲ ಅಗೆಯುವವನಿಗೆ ಹೆಸರಿದೆ, ಹೆಂಡತಿ ಮಕ್ಕಳಿದ್ದಾರೆ, ನೆಲದ ಮೇಲೆ ಹಕ್ಕಿನ ಮಾತಿದೆ. ಅದು ತಮಿಳಿನಲ್ಲಿ ಬರಬೇಕಾಯಿತು ಎಂಬುದು ಕನ್ನಡದವರಾದ ನಮಗೆ ಸ್ವಲ್ಪ ಚುಚ್ಚಬೇಕು. ಕೆಜಿಎಫ್ ನಮ್ಮದು ಎನ್ನುವಾಗ ಬಾಯಿ ತುಂಬಾ ಹೇಳುತ್ತೇವೆ, ಅಲ್ಲಿಯ ಜನ ನಮ್ಮವರು ಎನ್ನುವಾಗ ಮಾತ್ರ ಅವರ ಭಾಷೆ ನೆನಪಿಗೆ ಬರುತ್ತದೆ.

ಹೊರಗಿನ ಒಂದು ಉದಾಹರಣೆ ಇಲ್ಲಿ ಪ್ರಸ್ತುತ. ನಮ್ಮ ಗಣಿ ಮುಚ್ಚಿದ ಅದೇ 2001ರಲ್ಲಿ ಜರ್ಮನಿಯ ಎಸ್ಸೆನ್ ನಗರದ ಜೋಲ್‌ಫೆರೈನ್ ಕಲ್ಲಿದ್ದಲು ಗಣಿಯನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗಣಿ ನಿಂತದ್ದು 1986ರಲ್ಲಿ. ಕೆಂಪು ಇಟ್ಟಿಗೆಯ ಕಟ್ಟಡಗಳನ್ನೂ ಶಾಫ್ಟ್ ಗೋಪುರವನ್ನೂ ಅವರು ಹಾಗೆಯೇ ಉಳಿಸಿಕೊಂಡರು. ಇದಕ್ಕಿಂತ ನಮಗೆ ಹತ್ತಿರದ್ದು ಇಂಗ್ಲೆಂಡಿನ ಕಾರ್ನ್‌ವಾಲ್. ಕೆಜಿಎಫ್‌ಗೆ ಮೇಸ್ತ್ರಿಗಳಾಗಿ ಬಂದ ಬಿಳಿಯರಲ್ಲಿ ಅನೇಕರು ಅಲ್ಲಿಯ ಗಣಿಗಾರರು. ಅವರ ಊರಿನ ಮುರುಕಲು ಎಂಜಿನ್ ಮನೆಗಳಿಗೆ 2006ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಮೇಸ್ತ್ರಿಯ ಊರಿನ ಅವಶೇಷ ಸ್ಮಾರಕವಾಯಿತು, ಕೂಲಿಯವನ ಊರಿನದು ಕಿಲೋ ಲೆಕ್ಕದ ಕಬ್ಬಿಣ. ನಮ್ಮ 1958ರ ಪ್ರಾಚೀನ ಸ್ಮಾರಕ ಕಾಯಿದೆ ನೂರು ವರ್ಷ ತುಂಬಿದ ಕಟ್ಟಡವನ್ನು ರಕ್ಷಿಸಲು ಅವಕಾಶ ಕೊಡುತ್ತದೆ. ವಯಸ್ಸಿನ ಲೆಕ್ಕದಲ್ಲಿ ಇಲ್ಲಿಯ ಎಷ್ಟೋ ಕಟ್ಟಡಗಳು ಅರ್ಹ. ಕೊರತೆ ಇರುವುದು ಬೇರೆಡೆ.

ಹಾಗೆಂದು ಗಣಿ ಬಿಟ್ಟುಹೋದ ಎಲ್ಲವನ್ನೂ ಪೂಜಿಸಬೇಕಿಲ್ಲ. ಸೈನೈಡ್ ದಿಬ್ಬಗಳನ್ನೇ ನೋಡಿ. ಚಿನ್ನ ತೆಗೆದುಳಿದ ಪುಡಿಯ ಈ 13 ಗುಡ್ಡಗಳು ಸಿನಿಮಾದವರಿಗೆ, ಫೋಟೊ ತೆಗೆಯುವವರಿಗೆ ಬಹಳ ಸುಂದರ. ಗಾಳಿಯ ದಿನಗಳಲ್ಲಿ ಅದರ ದೂಳು ಅಡಿಗೆಮನೆಗೆ ನುಗ್ಗುವಾಗ ಬಾಗಿಲು ಮುಚ್ಚುವ ಹೆಂಗಸರನ್ನು ಕೇಳಿದರೆ ಬೇರೆ ಮಾತು ಬಂದೀತು. ಸುಮಾರು 1,003 ಎಕರೆಯ ಈ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ದೂಳೆಬ್ಬಿಸದೆ ತೆಗೆಯುವುದಾದರೆ, ಊರಿನವರಿಗೇ ಕೆಲಸ ಕೊಡುವುದಾದರೆ, ಆ ಗುಡ್ಡಗಳು ಹೋಗಲಿ. ಅವುಗಳಿಗಾಗಿ ಕಣ್ಣೀರು ಹಾಕುವ ಪರಂಪರಾ ಪ್ರೇಮ ನಮಗೆ ಬೇಡ.

ಗೋಪುರ ಮತ್ತು ಯಂತ್ರಮನೆಯ ವಿಷಯ ಹಾಗಲ್ಲ. ಬಳಕೆಯಾಗದ ಸಾವಿರಾರು ಎಕರೆ ಗಣಿ ಜಮೀನಿನಲ್ಲಿ ಕೈಗಾರಿಕೆ ತರುವ ಮಾತನ್ನು ಸರಕಾರ ಆಡುತ್ತಿದೆ, ತರಲಿ. ಅಷ್ಟು ವಿಸ್ತಾರದಲ್ಲಿ ಕೆಲವು ಗೋಪುರಗಳು ಯಾವ ಕಾರ್ಖಾನೆಗೂ ಅಡ್ಡಿಯಾಗಲಾರವು. ಆದರೆ ಗೋಪುರದ ಜೊತೆಗೆ ಲೈನು ಮನೆಗಳ ಒಂದು ಸಾಲೂ ಉಳಿಯಬೇಕು. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಹೇಗೆ ಬದುಕಿತೆಂದು ತೋರಿಸದ ಮ್ಯೂಸಿಯಂ, ಬಂಗಲೆಯ ಮೇಜು ಕುರ್ಚಿಗಳನ್ನಷ್ಟೇ ತೋರಿಸುತ್ತದೆ. ಅಪಘಾತದ ದಾಖಲೆಗಳು, ಆಸ್ಪತ್ರೆಯ ಪುಸ್ತಕಗಳು ಸತ್ತವರ ಮನೆಯವರಿಗೆ ನೋಡಲು ಸಿಗಬೇಕು. ಇನ್ನು ಜನ ಈಗಲೂ ವಾಸಿಸುತ್ತಿರುವ ಮನೆಗಳ ಹಕ್ಕುಪತ್ರದ ಬೇಡಿಕೆ. ಅದನ್ನು ಬಗೆಹರಿಸದೆ ಪರಂಪರೆಯ ಫಲಕ ನೆಡಲು ಹೊರಟರೆ, ಒಕ್ಕಲೆಬ್ಬಿಸಲು ಇದೂ ಒಂದು ಉಪಾಯವೆಂದು ಅವರು ಸಂಶಯಪಟ್ಟರೆ ಅವರನ್ನು ದೂರುವಂತಿಲ್ಲ.

ಇವನ್ನೆಲ್ಲ ತೀರ್ಮಾನಿಸಲು ಸಭೆ ಕರೆಯುವುದಾದರೆ ಬೆಂಗಳೂರಿನ ವಿಧಾನಸೌಧದಲ್ಲಿ ಬೇಡ, ರಾಬರ್ಟ್‌ಸನ್ ಪೇಟೆಯಲ್ಲೋ ಮಾರಿಕುಪ್ಪಂನಲ್ಲೋ ಕರೆಯಲಿ. ನೋಟಿಸು ಕನ್ನಡದ ಜೊತೆ ತಮಿಳಿನಲ್ಲೂ ಇರಲಿ. ಭಾನುವಾರವೇ ಇಟ್ಟುಕೊಳ್ಳಬೇಕು, ಉಳಿದ ದಿನ ಊರಿನವರು ರೈಲಿನಲ್ಲಿರುತ್ತಾರೆ.